ಹಿರಿಯರ ಪೆಟ್ಟಿಗೆಯ ಬೆಳ್ಳಿ ಚಮಚಗಳು

ಮನೆ ಪಾಲಾಗುವಾಗ ಅಟ್ಟದಿಂದ ಇಳಿಯುವ ಸಾಮಾನಿನಲ್ಲಿ ಒಮ್ಮೊಮ್ಮೆ ಒಂದು ಮರದ ಪೆಟ್ಟಿಗೆ ಸಿಗುವುದುಂಟು. ಒಳಗೆ ಮಖಮಲ್ಲಿನ ಹಾಸು, ಅದರ ಮೇಲೆ ಕಪ್ಪಿಟ್ಟ ಇಂಗ್ಲಿಷ್ ಚಮಚ, ಫೋರ್ಕು, ಚೂರಿಗಳು. ಬೆಳ್ಳಿಯ ತಟ್ಟೆ, ಪಂಚಪಾತ್ರೆಗಳ ಬೆಲೆಯನ್ನು ನಮ್ಮವರು ಕೈಯಲ್ಲಿ ತೂಗಿಯೇ ಹೇಳಿಯಾರು. ಇವುಗಳದು ಮಾತ್ರ ಯಾರಿಗೂ ತಿಳಿಯದು. ಒಬ್ಬರು ಲಕ್ಷ ಬಾಳುತ್ತದೆನ್ನುತ್ತಾರೆ, ಇನ್ನೊಬ್ಬರು ಹಳೆಯ ಪಾತ್ರೆಯವನಿಗೆ ಹಾಕೋಣವೆನ್ನುತ್ತಾರೆ. ಅಣ್ಣತಮ್ಮಂದಿರ ಮನಸ್ಸು ಕೆಡುವುದಕ್ಕೆ ಇಷ್ಟು ಸಾಕು.

ಮೊದಲು ಭೂತಗನ್ನಡಿ ಹಿಡಿದು ಚಮಚದ ಹಿಡಿಯ ಹಿಂಬದಿಯನ್ನು ನೋಡಬೇಕು. ಅಲ್ಲಿ ಸಾಲಾಗಿ ಸಣ್ಣ ಮುದ್ರೆಗಳಿರುತ್ತವೆ. ನಡೆಯುವ ಸಿಂಹವಿದ್ದರೆ ಅದು ಇಂಗ್ಲೆಂಡಿನ ಸ್ಟರ್ಲಿಂಗ್ ಬೆಳ್ಳಿ. ಎಂದರೆ ಸಾವಿರ ಭಾಗದಲ್ಲಿ 925 ಭಾಗ ಶುದ್ಧ ಬೆಳ್ಳಿ, ಉಳಿದದ್ದು ಬಹುಮಟ್ಟಿಗೆ ತಾಮ್ರ. ಪಕ್ಕದಲ್ಲಿ ಚಿರತೆಯ ತಲೆ ಲಂಡನ್ನಿನ ಗುರುತು, ಲಂಗರು ಬರ್ಮಿಂಗ್‌ಹ್ಯಾಮಿನದು. ಕಿರೀಟ 1974ರವರೆಗೆ ಶೆಫೀಲ್ಡಿನದಾಗಿತ್ತು. ಒಂದು ಅಕ್ಷರವು ವರ್ಷವನ್ನು ಸೂಚಿಸುತ್ತದೆ. ರಾಜನ ಅಥವಾ ರಾಣಿಯ ತಲೆಯಿದ್ದರೆ ಸಾಮಾನ್ಯವಾಗಿ ಅದು 1784ರಿಂದ 1890ರೊಳಗಿನ ಮಾಲು. ಸುಂಕ ಕಟ್ಟಿದ್ದಕ್ಕೆ ಒತ್ತುತ್ತಿದ್ದ ಮುದ್ರೆಯದು.

ಸಿಂಹದ ಬದಲು ಇ.ಪಿ.ಎನ್.ಎಸ್. ಎಂಬ ಅಕ್ಷರಗಳಿದ್ದರೆ ಆಸೆ ಬಿಡತಕ್ಕದ್ದು. ತಾಮ್ರ, ಸತು, ನಿಕ್ಕಲ್ ಬೆರೆಸಿದ ಲೋಹದ ಮೇಲೆ ವಿದ್ಯುತ್ತಿನಿಂದ ಬೆಳ್ಳಿಯ ತೆಳು ಲೇಪ ಕೊಟ್ಟದ್ದು ಅದು. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ನರು 1840ರಲ್ಲಿ ಪೇಟೆಂಟ್ ಪಡೆದ ಮೇಲೆ ಈ ಮಾಲು ಲೋಕವನ್ನೆಲ್ಲ ತುಂಬಿತು. ಅಯಸ್ಕಾಂತಕ್ಕೆ ಅಂಟುವುದಿಲ್ಲವೆಂದು ಹಿಗ್ಗುವವರಿದ್ದಾರೆ; ಈ ಮಿಶ್ರಲೋಹವೂ ಸಾಧಾರಣವಾಗಿ ಅಂಟುವುದಿಲ್ಲ.

ನಮ್ಮ ದೇಶದಲ್ಲೇ ತಯಾರಾದವು ಬೇರೆ. ಮದರಾಸಿನ ಪಿ. ಓರ್ ಅಂಡ್ ಸನ್ಸ್, ಕಲಕತ್ತೆಯ ಹ್ಯಾಮಿಲ್ಟನ್ ಕಂಪನಿಗಳು ತಮ್ಮ ಹೆಸರನ್ನೇ ಒತ್ತುತ್ತಿದ್ದವು. ಇಂಗ್ಲೆಂಡಿನಂತೆ ಸರಕಾರಿ ಪರೀಕ್ಷೆಯ ಮುದ್ರೆ ಅವಕ್ಕಿಲ್ಲದ್ದರಿಂದ ಶುದ್ಧತೆಯನ್ನು ಪರೀಕ್ಷಿಸಿಯೇ ತಿಳಿಯಬೇಕು. ಆದರೆ ಸಂಗ್ರಾಹಕರು ಇವುಗಳಿಗೆ ಲೋಹದ ಬೆಲೆಗಿಂತ ಹೆಚ್ಚು ಕೊಡುವುದುಂಟು. ಕರಗಿಸಿದರೆ ಆ ಹೆಚ್ಚಿನದೆಲ್ಲ ಹೋಯಿತು.

ಲೋಹದ ಬೆಲೆಯ ಲೆಕ್ಕ ಸುಲಭ. ಹನ್ನೆರಡು ದೊಡ್ಡ ಚಮಚಗಳು 720 ಗ್ರಾಂ, ಅಂದರೆ ಸುಮಾರು 62 ತೊಲ, ತೂಗಿದವೆನ್ನಿ. ಅದನ್ನು 0.925ರಿಂದ ಗುಣಿಸಿದರೆ ಶುದ್ಧ ಬೆಳ್ಳಿ 666 ಗ್ರಾಂ. ಆ ದಿನದ ಪತ್ರಿಕೆಯ ದರವನ್ನು ಇದಕ್ಕೆ ಹಾಕಬೇಕು. ಚೂರಿಗಳನ್ನು ಮಾತ್ರ ತಕ್ಕಡಿಗೆ ಸೇರಿಸಬಾರದು. ಅವುಗಳ ಹಿಡಿ ಪೊಳ್ಳು, ಒಳಗೆ ರಾಳದಂಥ ಭರ್ತಿ, ಅಲಗು ಉಕ್ಕಿನದು. ಬೆಳ್ಳಿ ಎಂಬುದು ತೆಳು ಕವಚವಷ್ಟೆ.

ಜವೇರಿ ಬಜಾರಿನಲ್ಲಾಗಲಿ ಬೇರೆ ಊರಿನ ಸರಾಫಕಟ್ಟೆಯಲ್ಲಾಗಲಿ ಎರಡು ಮೂರು ಅಂಗಡಿ ಕೇಳದೆ ಕೊಡಬೇಡಿ. ಪರೀಕ್ಷೆ ನಿಮ್ಮೆದುರಿಗೇ ಆಗಲಿ. ಒರೆಗಲ್ಲು ಇದೆ, ಈಗ ಕ್ಷಕಿರಣದ ಯಂತ್ರವೂ ಇದೆ. "ಕರಗಿಸಿ ನೋಡೋಣ" ಎಂದರೆ ಎದ್ದು ಬನ್ನಿ. ಅಂಗಡಿಯವರು ಸವಕಳಿ ಕಳೆಯುವುದು ಸಹಜ. ಎಷ್ಟೆಂದು ಮೊದಲೇ ಕೇಳಿ, ರಸೀದಿ ಪಡೆಯಿರಿ. ಹೋಗುವ ಮುಂಚೆ ಹೊಳಪು ಬರಲೆಂದು ಉಜ್ಜುವ ಅಭ್ಯಾಸ ನಮ್ಮಲ್ಲಿದೆ. ಅದರಿಂದ ಮುದ್ರೆ ಸವೆಯುತ್ತದೆ, ಮುದ್ರೆ ಸವೆದರೆ ವಯಸ್ಸಿನ ಸಾಕ್ಷ್ಯವೇ ಹೋಗುತ್ತದೆ. ಹಿಂದಿನವರ ಹೆಸರಿನ ಅಕ್ಷರಗಳನ್ನು ಅಳಿಸುವುದೂ ಬೇಡ.

ವಿಕ್ಟೋರಿಯಾ ಕಾಲದ ಬಿಡಿ ಟೀ ಚಮಚಗಳಿಗೆ ಹೆಚ್ಚಾಗಿ ಲೋಹದ ಬೆಲೆಯ ಆಸುಪಾಸೇ ಸಿಗುತ್ತದೆ. ಒಂದೇ ಮಾದರಿಯ ಪೂರ್ಣ ಜೋಡಿ, ಹಳೆಯ ಪೆಟ್ಟಿಗೆಯೂ ಜೊತೆಗಿದ್ದರೆ, ಬೇರೆ ಮಾತು. ಆದುದರಿಂದ ಮೂವರು ಮಕ್ಕಳಿಗೆ ನಾಲ್ಕು ನಾಲ್ಕು ಚಮಚ ಹಂಚುವುದಕ್ಕಿಂತ ಇಡಿಯಾಗಿ ಮಾರಿ ಹಣ ಹಂಚಿಕೊಳ್ಳುವುದು, ಇಲ್ಲವೆ ಒಬ್ಬರೇ ಇಟ್ಟುಕೊಂಡು ಉಳಿದವರಿಗೆ ಹಣ ಕೊಡುವುದು ಮೇಲು.

ಇನ್ನು, ವಿದೇಶದಲ್ಲಿರುವ ಮಗನ ಕೈಯಲ್ಲಿ ಕಳುಹಿಸಿ ಲಂಡನ್ನಿನ ಹರಾಜಿಗೆ ಹಾಕಿಸೋಣವೆಂದು ಹೊರಡುವವರಿಗೆ ಒಂದು ಸೂಚನೆ. 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ಕುಶಲ ಕೆಲಸದ ವಸ್ತುಗಳು ಪುರಾವಸ್ತುಗಳೆಂದು ಎಣಿಕೆಯಾಗಬಹುದು. ಅಂಥವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ವರ್ಷದ ಅಕ್ಷರ ಅಷ್ಟು ಹಳೆಯದಲ್ಲವೆಂದು ತೋರಿದರೂ ಪುರಾತತ್ತ್ವ ಇಲಾಖೆಯಿಂದ ಪುರಾವಸ್ತುವಲ್ಲವೆಂಬ ಪ್ರಮಾಣಪತ್ರ ಪಡೆದೇ ಕಳುಹಿಸುವುದು ಲೇಸು.