ಪಂಜದ ಆಸೆಗೆ ಬಳಗವೇ ಹೋಯ್ತು

ಮೊದಲ ಸಲ ಆ ಗೇಮ್ ಆಡಿದಾಗ ನನ್ನ ಬಳಗ ಸತ್ತಿದ್ದು ಹಸಿವಿನಿಂದ. ಎರಡನೇ ಸಲ ಕಾಡುಪ್ರಾಣಿಯ ಬಾಯಿಗೆ ಬಿದ್ದು. ಮೂರನೇ ಸಲ ಮಾತ್ರ ತಪ್ಪು ಪೂರ್ತಿ ನನ್ನದೇ. ತಪ್ಪು ಜೋಡಿಗಳನ್ನು ಕೂಡಿಸಿ ಕೂಡಿಸಿ ನಾನೇ ಅವುಗಳ ವಂಶ ಅಳಿಸಿದ್ದೆ!

ಗೇಮಿನ ಹೆಸರು ‘ನೀಶ್’. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿರುವ ಸ್ಟ್ರೇ ಫಾನ್ ಸ್ಟುಡಿಯೊ ಎಂಬ ಪುಟ್ಟ ಸಂಸ್ಥೆ 2016ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದಲೇ ಹಣ ಕೂಡಿಸಿ, 2017ರಲ್ಲಿ ಇದನ್ನು ಪೂರ್ಣ ರೂಪದಲ್ಲಿ ಹೊರತಂದಿತು. ನರಿಯಂತೆಯೂ ಬೆಕ್ಕಿನಂತೆಯೂ ಕಾಣುವ ಮುದ್ದಾದ ಜೀವಿಗಳ ಒಂದು ಗುಂಪನ್ನು ನಮ್ಮ ಕೈಗೆ ಕೊಡುತ್ತಾರೆ. ಅವುಗಳ ಹೊಟ್ಟೆ ತುಂಬಿಸಬೇಕು, ಶತ್ರುಗಳಿಂದ ಕಾಪಾಡಬೇಕು, ವಂಶ ಬೆಳೆಸಬೇಕು. ಕೊನೆಯ ಜೀವಿ ಸತ್ತರೆ ಆಟ ಮುಗಿಯಿತು. ಹೊಸದಾಗಿ ಆಡುವವರಿಗೆ, ಸೋತು ಕಲಿತ ನನ್ನ ನಾಲ್ಕು ಮಾತು ಇಲ್ಲಿವೆ.

ಮೊದಲು ಊಟ, ಆಮೇಲೆ ಮರಿ: ಒಂದೊಂದು ಜೀವಿಗೂ ದಿನಕ್ಕೆ ಕೆಲವೇ ಕೆಲಸ ಮಾಡುವ ಶಕ್ತಿ ಇರುತ್ತದೆ. ದಿನ ಮುಗಿದಾಗ ಎಲ್ಲವೂ ಒಂದೇ ದಾಸ್ತಾನಿನಿಂದ ತಿನ್ನುತ್ತವೆ. ಮರಿಗಳು ಮುದ್ದಾಗಿವೆ ಎಂದು ಸಾಲಾಗಿ ಹುಟ್ಟಿಸಿದರೆ ದುಡಿಯುವವರು ಕಡಿಮೆ, ತಿನ್ನುವವರು ಹೆಚ್ಚು. ದಾಸ್ತಾನು ನೋಡಿಕೊಂಡು ಗೂಡು ಕಟ್ಟಿ.

ಎಲ್ಲರೂ ಬೇಟೆಗಾರರಾಗುವುದು ಬೇಡ: ಚುರುಕು ಬೆರಳಿದ್ದವು ಹಣ್ಣು ಕೀಳುವುದರಲ್ಲಿ ಮುಂದು. ಉಗುರಿನ ಪಂಜವಿದ್ದವು ಬೇಟೆಯಲ್ಲಿ, ಗಟ್ಟಿ ದವಡೆಯವು ಕಾಯಿ ಒಡೆಯುವುದರಲ್ಲಿ. ಒಂದು ದ್ವೀಪದಲ್ಲಿ ಹೀರೊ ಆದ ಜೀವಿ ಮುಂದಿನ ದ್ವೀಪದ ಚಳಿಗೋ ಬಿಸಿಲಿಗೋ ಝೀರೊ ಆಗಬಹುದು. ದ್ವೀಪ ಬದಲಿಸುವಾಗ ಜೊತೆಗೆ ಹೋಗುವುದು ಕೆಲವು ಮಾತ್ರ. ಆಗ ಒಂದೇ ಥರದವನ್ನು ಆರಿಸಬೇಡಿ.

ಕಾಣದ ಜೀನ್ ಮರೆಯಬೇಡಿ: ಪ್ರತಿ ಗುಣಕ್ಕೂ ಎರಡು ಜೀನ್, ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಪ್ರಬಲವಾದದ್ದು ಹೊರಗೆ ಕಾಣುತ್ತದೆ, ದುರ್ಬಲವಾದದ್ದು ಒಳಗೆ ಸುಮ್ಮನೆ ಕೂತಿರುತ್ತದೆ. ಪಿಯುಸಿಯಲ್ಲಿ ಮೆಂಡೆಲ್‌ನ ಬಟಾಣಿ ಗಿಡಗಳನ್ನು ಬಾಯಿಪಾಠ ಮಾಡಿದ್ದ ನನಗೆ ಅದು ಅರ್ಥವಾಗಿದ್ದು, ಇಲ್ಲಿ ಅಪ್ಪ–ಅಮ್ಮ ಇಬ್ಬರಲ್ಲೂ ಕಾಣದ ಗುಣ ಮರಿಯಲ್ಲಿ ಕಂಡಾಗ!

ಇನ್ನು ನಾಲ್ಕನೆಯದು. ನನ್ನ ಬಳಗ ಅಳಿದದ್ದು ಇದರಿಂದಲೇ. ನನಗೆ ಎಲ್ಲದಕ್ಕೂ ಬೇಟೆಯ ಪಂಜ ಬೇಕೆಂಬ ಹಟ. ಪಂಜವಿದ್ದ ಅಣ್ಣ–ತಂಗಿಯನ್ನೇ ಜೋಡಿ ಮಾಡಿದೆ, ಅವುಗಳ ಮರಿಗಳನ್ನೂ ತಮ್ಮತಮ್ಮಲ್ಲೇ. ಒಂದೆರಡು ತಲೆಮಾರು ಭರ್ಜರಿ ಬೇಟೆ. ಆಮೇಲೆ ಹುಟ್ಟಿದ ಮರಿ ಹುಟ್ಟಿದ ಹಾಗೇ ಕಾಯಿಲೆ. ಈ ಗೇಮಿನಲ್ಲಿ ರೋಗನಿರೋಧಕ ಶಕ್ತಿಗೂ ಎರಡು ಜೀನ್ ಇವೆ, ಅವುಗಳನ್ನು ಅಕ್ಷರಗಳಿಂದ ಗುರುತಿಸಿದ್ದಾರೆ. ಎರಡೂ ಬೇರೆ ಬೇರೆಯಾಗಿದ್ದರೆ ಮರಿ ಗಟ್ಟಿ, ಒಂದೇ ಆದರೆ ದುರ್ಬಲ. ಹಾಗಾಗಿ ಜೋಡಿ ಮಾಡುವ ಮೊದಲು ಆ ಅಕ್ಷರ ನೋಡಿ. ಅಲೆಮಾರಿ ಜೀವಿ ಎದುರಾದರೆ, ಸಾಧ್ಯವಾದರೆ ಗುಂಪಿಗೆ ಕರೆಯಿರಿ. ನೋಡಲು ಸುಮಾರಾಗಿದ್ದರೂ ಅದು ಹೊಸ ಜೀನ್ ತರುತ್ತದೆ.

ನಾಲ್ಕನೇ ಸಲ ಆಡುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಅಕ್ಕ, ‘ಆ ಎರಡೂ ಚೆನ್ನಾಗಿವೆಯಲ್ಲ, ಯಾಕೆ ಜೋಡಿ ಮಾಡ್ತಿಲ್ಲ?’ ಎಂದಳು. ‘ಅವು ಅಣ್ಣ–ತಂಗಿಯ ಮಕ್ಕಳು ಕಣೇ, ಹತ್ತಿರದ ರಕ್ತ’ ಎಂದೆ. ಅಕ್ಕ ಸುಮ್ಮನಾದಳು. ಆ ವಾರವಷ್ಟೇ ಅಮ್ಮ ತನ್ನ ಅಣ್ಣನ ಮಗನಿಗೆ ಅವಳನ್ನು ಕೊಡುವ ಮಾತೆತ್ತಿದ್ದಳು.

ಮಾತು ಊಟದ ಹೊತ್ತಿಗೆ ಅಮ್ಮನ ಕಿವಿಗೂ ಬಿತ್ತು. ‘ನಾನೂ ಸೋದರತ್ತೆ ಮಗನನ್ನೇ ಮಾಡಿಕೊಂಡವಳು. ನಿಮಗಿಬ್ಬರಿಗೆ ಏನಾಗಿದೆ?’ ಎಂದಳು. ಏನೂ ಆಗಿಲ್ಲ, ನಿಜ. ಸಂಬಂಧದಲ್ಲಿ ಮದುವೆಯಾದ ಬಹಳಷ್ಟು ಜನರ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ನಾವು ಗೇಮಿನ ಜೀವಿಗಳೂ ಅಲ್ಲ. ಆದರೆ ನನ್ನ ಪಂಜದ ಬಳಗವೂ ಮೊದಲ ತಲೆಮಾರಿನಲ್ಲಿ ಚೆನ್ನಾಗಿಯೇ ಇತ್ತಲ್ಲ?

ಲೆಕ್ಕ ಸರಳ. ಅಣ್ಣ–ತಂಗಿಯ ಮಕ್ಕಳ ನಡುವೆ ಸರಾಸರಿ ಎಂಟರಲ್ಲಿ ಒಂದು ಪಾಲು ಜೀನ್ ಒಂದೇ ಮೂಲದ್ದು. ಸೋದರಮಾವ–ಸೊಸೆಯಾದರೆ ನಾಲ್ಕರಲ್ಲಿ ಒಂದು ಪಾಲು. ಥಲಸ್ಸೇಮಿಯಾದಂಥ ಕಾಯಿಲೆಯ ಜೀನ್ ಒಂದೇ ಇದ್ದರೆ ಸಾಮಾನ್ಯವಾಗಿ ತೊಂದರೆ ಗೊತ್ತೇ ಆಗುವುದಿಲ್ಲ. ಗಂಡ–ಹೆಂಡತಿ ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೂ ಶೇ 25ರಷ್ಟು ಅಪಾಯ. ರಕ್ತ ಹತ್ತಿರವಾದಷ್ಟೂ ಇಬ್ಬರೂ ಒಂದೇ ದೋಷವನ್ನು ಒಳಗಿಟ್ಟುಕೊಂಡಿರುವ ಸಾಧ್ಯತೆ ಹೆಚ್ಚು. ನಮ್ಮಲ್ಲಂತೂ ಅಮ್ಮನ ಮದುವೆಯೂ ಒಳಗಿನದೇ. ಅದರ ಮೇಲೆ ಇನ್ನೊಂದು!

ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ‘ಗೇಮ್ ನೋಡಿ ಮದುವೆ ಮುರೀತೀಯಾ?’ ಎಂಬ ಬೈಗುಳವೂ ಬಿತ್ತು. ಅಕ್ಕನಿಗೆ ಹುಡುಗನ ಮೇಲೆ ಬೇಸರವೇನಿಲ್ಲ. ಅವಳೇ ಮಾವನಿಗೆ ಫೋನ್ ಮಾಡಿ, ‘ಮಾವ, ಮೊದಲು ಇಬ್ಬರೂ ಡಾಕ್ಟರ್ ಹತ್ತಿರ ಹೋಗಿ ಬರ್ತೀವಿ, ಆಮೇಲೆ ಜಾತಕ’ ಎಂದಳು. ಮಾವ ಒಂದು ಕ್ಷಣ ಸುಮ್ಮನಿದ್ದು, ‘ಆಗಲಿ ಬಿಡವ್ವ’ ಎಂದರು. ಥಲಸ್ಸೇಮಿಯಾದ ವಾಹಕರೇ ಎಂಬುದನ್ನು ರಕ್ತ ಪರೀಕ್ಷೆಯಲ್ಲೇ ತಿಳಿಯಬಹುದು. ಉಳಿದದ್ದಕ್ಕೆ ವಂಶವಾಹಿ ಆಪ್ತಸಲಹೆ ಕೊಡುವ ವೈದ್ಯರಿದ್ದಾರೆ. ಇವರಿಬ್ಬರ ವರದಿ ಇನ್ನೂ ಬರಬೇಕು.

ಹಾಗಾಗಿ ಗೆಳೆಯರೇ, ‘ನೀಶ್’ ಆಡುವವರು ಜೋಡಿ ಮಾಡುವ ಮೊದಲು ಅಕ್ಷರ ನೋಡಿ. ಮನೆಯಲ್ಲಿ ಒಳಗಿನ ಸಂಬಂಧದ ಮಾತು ಬಂದಿದ್ದರೆ, ಜಾತಕದ ಜೊತೆಗೆ ರಕ್ತದ ವರದಿಯನ್ನೂ ಕೇಳಿ. ನಾಚಿಕೆ ಬೇಡ. ಗೇಮಿನಲ್ಲಾದರೆ ಸೋತರೂ ಮತ್ತೆ ಮೊದಲಿಂದ ಶುರು ಮಾಡಬಹುದು.