ಕಿವಿಯಲ್ಲಿ ಕೇಳುವ ದನಿಗೆ ಮದ್ದಿದೆ

“ಡಾಕ್ಟ್ರೇ, ಇವನಿಗೆ ಯಾರೋ ಏನೋ ಮಾಡಿಸಿದ್ದಾರೆ. ನಿಮ್ಮ ಯುನಾನಿ ಮದ್ದು ಕೊಡಿ, ಇಂಗ್ಲಿಷ್ ಮಾತ್ರೆ ಬೇಡ” ಎಂದರು ಆ ತಾಯಿ. ಇಪ್ಪತ್ತರ ಆಸುಪಾಸಿನ ಮಗ ತಿಂಗಳುಗಳಿಂದ ಕಾಲೇಜಿಗೆ ಹೋಗಿಲ್ಲ. ಗೋಡೆಯಾಚೆಯಿಂದ ಯಾರೋ ತನ್ನನ್ನು ಬೈಯುತ್ತಾರೆ, ಊಟದಲ್ಲಿ ವಿಷವಿದೆ ಎನ್ನುತ್ತಾನೆ. ತೋಳಿನಲ್ಲಿ ಮೂರು ತಾವೀಝು. ಮಾನಸಿಕ ತಜ್ಞರನ್ನು ಮಾತ್ರ ಇನ್ನೂ ಕಂಡಿರಲಿಲ್ಲ.

ಇವು ಸ್ಕಿಝೋಫ್ರೇನಿಯಾದ ಲಕ್ಷಣಗಳು. ನಮ್ಮ ಮೆದುಳಿನ ನರಕೋಶಗಳು ರಾಸಾಯನಿಕಗಳ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಅವುಗಳಲ್ಲೊಂದು ಡೋಪಮೈನ್. ‘ಇದು ಮುಖ್ಯ, ಗಮನಿಸು’ ಎಂದು ಎಚ್ಚರಿಸುವುದು ಅದರ ಕೆಲಸಗಳಲ್ಲೊಂದು. ಈ ಕಾಯಿಲೆಯಲ್ಲಿ ಮೆದುಳಿನ ಒಂದು ಭಾಗದಲ್ಲಿ ಅದು ಮಿತಿಮೀರುತ್ತದೆ. ಆಗ ಬೀದಿಯಲ್ಲಿ ಯಾರೋ ಕೆಮ್ಮಿದರೂ ತನಗೇ ಸನ್ನೆ ಮಾಡಿದಂತೆ ತೋರುತ್ತದೆ.

ಇದನ್ನು ತಿಳಿಯುವ ದಾರಿಯಲ್ಲಿ ನಮ್ಮ ಯುನಾನಿಯ ಒಂದು ಬೇರೂ ಇದೆ. ಹೇಳಲು ನನಗೆ ಹೆಮ್ಮೆ. ನಾವು ಅಸ್ರೋಲ್ ಎನ್ನುವ ಸರ್ಪಗಂಧವನ್ನು ಹುಚ್ಚಿಗೆ ಕೊಡುತ್ತಿದ್ದ ಕಾಲವಿತ್ತು. ದೆಹಲಿಯ ಹಕೀಮ್ ಅಜ್ಮಲ್ ಖಾನ್ ಅವರ ಪ್ರೋತ್ಸಾಹದಿಂದ ರಸಾಯನಶಾಸ್ತ್ರಜ್ಞ ಸಲೀಮುಝ್ಝಮಾನ್ ಸಿದ್ದೀಕಿ ಆ ಬೇರನ್ನು ಪರೀಕ್ಷಿಸಿ, 1931ರಲ್ಲಿ ಬೇರ್ಪಡಿಸಿದ ಒಂದು ಅಂಶಕ್ಕೆ ‘ಅಜ್ಮಲೀನ್’ ಎಂದು ಹೆಸರಿಟ್ಟರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದೇ ಬೇರಿನಿಂದ ರಿಸರ್ಪೀನ್ ದೊರೆಯಿತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಅಲುಗಾಡದೆ ಕುಳಿತವು. ಡೋಪಮೈನ್ ತಯಾರಾಗುವ ಮೂಲವಸ್ತು ಕೊಟ್ಟೊಡನೆ ಮತ್ತೆ ಓಡಾಡತೊಡಗಿದವು. ಡೋಪಮೈನ್ ಕುರಿತ ಸಂಶೋಧನೆಗೆ ಅವರಿಗೆ 2000ದಲ್ಲಿ ನೊಬೆಲ್ ಬಂತು. ಇಂದಿನ ಮಾತ್ರೆಗಳಲ್ಲಿ ಹೆಚ್ಚಿನವು ಡೋಪಮೈನ್‌ನ ಅಬ್ಬರವನ್ನು ತಡೆದೇ ಕೆಲಸ ಮಾಡುತ್ತವೆ.

ಹಾಗೆಂದು ಅಂಗಡಿಯಿಂದ ಸರ್ಪಗಂಧದ ಪುಡಿ ತಂದು ಕುಡಿಸಬೇಡಿ. ರಕ್ತದೊತ್ತಡ ಕುಸಿಯಬಹುದು, ಖಿನ್ನತೆ ಬರಬಹುದು. ಈ ಕಾಯಿಲೆಗೆ ನಾನೂ ಅದನ್ನು ಕೊಡುವುದಿಲ್ಲ.

ಎಲ್ಲವೂ ಡೋಪಮೈನ್‌ನದೇ ಆಟವಲ್ಲ. ಅನುವಂಶಿಕತೆಗೂ ಪಾಲಿದೆ. ಗಾಂಜಾ ಅಪಾಯವನ್ನು ಹೆಚ್ಚಿಸುತ್ತದೆ; ಹುಡುಗರ ಜೇಬಿನ ಮೇಲೆ ಕಣ್ಣಿರಲಿ. ಆದರೆ ತಾಯಿ ಸಾಕಿದ ರೀತಿಯಿಂದ ಇದು ಬರುವುದಿಲ್ಲ. ಅದನ್ನು ಕೇಳಿಯೇ ಆಕೆ ಅತ್ತುಬಿಟ್ಟರು.

ಹುಡುಗನನ್ನು ಮಾನಸಿಕ ತಜ್ಞರ ಬಳಿ ಕಳುಹಿಸಿದೆ. ಒಂದೂವರೆ ತಿಂಗಳಲ್ಲಿ ದನಿಗಳು ಕಡಿಮೆಯಾದವು, ತಾಯಿ ಬಡಿಸಿದ್ದನ್ನು ಉಣ್ಣತೊಡಗಿದ. ಮಂಕು ಇನ್ನೂ ಪೂರ್ತಿ ಹೋಗಿಲ್ಲ. “ಈಗ ಮಾತ್ರೆ ನಿಲ್ಲಿಸಬಹುದಾ?” ಎಂದು ತಾಯಿ ಕೇಳಿದರು. ಬೇಡ ಎಂದೆ. ತಾವಾಗಿ ನಿಲ್ಲಿಸಿದ ಮನೆಗಳಲ್ಲೇ ಕಾಯಿಲೆ ಮರುಕಳಿಸುವುದು ಹೆಚ್ಚು. ತೂಕ ಏರಿದರೆ, ಕೈ ನಡುಗಿದರೆ ವೈದ್ಯರಿಗೆ ಹೇಳಿ, ಅವರು ಮಾತ್ರೆ ಬದಲಿಸುತ್ತಾರೆ. ಎಲ್ಲಿಗೆ ಹೋಗಬೇಕೆಂದು ತೋಚದವರು ಸರಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.