ಲಕೋಟೆ ತೆರೆಯುವ ಮುನ್ನ: ರಸ್ತೆ ಟೆಂಡರ್ ಪಾಠದ ಒಂದು ಅನುಭವ

ಹುಣಸೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸ ಮಾಡುವಾಗ ಒಂಬತ್ತನೇ ತರಗತಿಗೆ ಸ್ಥಳೀಯ ಸರ್ಕಾರದ ಪಾಠ ತೆಗೆದುಕೊಂಡಿದ್ದೆ. ‘ರಸ್ತೆ ದುರಸ್ತಿಗೆ ಟೆಂಡರ್ ಕರೆಯುತ್ತಾರೆ, ಕಡಿಮೆ ದರ ಹಾಕಿದವರಿಗೆ ಕೆಲಸ ಸಿಗುತ್ತದೆ’ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಹುಡುಗಿಯೊಬ್ಬಳು ಎದ್ದು, ‘ಮಿಸ್, ಅದಕ್ಕೇನಾ ನಮ್ ಬೀದಿ ಟಾರು ಒಂದೇ ಮಳೆಗೆ ಕಿತ್ತೋಗಿದ್ದು?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಹಲಗೆಯ ಮೇಲಿದ್ದ ನನ್ನ ವಾಕ್ಯವೇ ಅರ್ಧ ಸತ್ಯವೆಂದು ಆಮೇಲೆ ಓದಿದಾಗ ತಿಳಿಯಿತು.

ಹುಣಸೂರಿನಲ್ಲಿರುವುದು ನಗರಸಭೆ, ಪಿರಿಯಾಪಟ್ಟಣದಲ್ಲಿರುವುದು ಪುರಸಭೆ. ಎರಡೂ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದಡಿ ಬರುತ್ತವೆ. ಟೆಂಡರಿಗೆ ಮಾತ್ರ ಬೇರೆ ಕಾನೂನಿದೆ: ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ಕೆ.ಆರ್. ನಗರ, ಎಚ್.ಡಿ. ಕೋಟೆಗೂ ಇದೇ ಅನ್ವಯ.

ಮೊದಲು ಎಂಜಿನಿಯರ್ ದರಪಟ್ಟಿಯ ಆಧಾರದಲ್ಲಿ ಅಂದಾಜು ಪಟ್ಟಿ ಸಿದ್ಧಪಡಿಸುತ್ತಾರೆ. ಮಂಜೂರಾತಿಯ ನಂತರ ಟೆಂಡರ್ ಪ್ರಕಟಣೆ ಹೊರಡುತ್ತದೆ. ಅರ್ಹತೆ, ಅನುಭವ, ಮುಂಗಡ ಠೇವಣಿ ಎಲ್ಲವನ್ನೂ ಟೆಂಡರ್ ದಾಖಲೆಯಲ್ಲಿ ಮೊದಲೇ ಬರೆದಿರಬೇಕು. ಎರಡು ಲಕೋಟೆ ಪದ್ಧತಿಯಲ್ಲಿ ತಾಂತ್ರಿಕ ಲಕೋಟೆಯಲ್ಲಿ ಪಾಸಾದವರ ದರದ ಲಕೋಟೆಯನ್ನು ಮಾತ್ರ ತೆರೆಯುತ್ತಾರೆ. ಈಗ ಇದು ಆನ್‌ಲೈನಿನಲ್ಲಿ ನಡೆದರೂ ಕ್ರಮ ಅದೇ. 13ನೇ ಪ್ರಕರಣದ ಪ್ರಕಾರ, ದಾಖಲೆಯಲ್ಲಿ ಹೇಳಿದ ಅಳೆಯಬಹುದಾದ ಅಂಶಗಳ ಆಧಾರದಲ್ಲಿ ಯಾವುದು ಕಡಿಮೆಯೋ ಆ ಟೆಂಡರನ್ನು ಒಪ್ಪಬೇಕು. ಎಂದರೆ, ಷರತ್ತು ಪೂರೈಸಿದವರಲ್ಲಿ ಕಡಿಮೆ ದರದವರು. ನಾನು ಬಿಟ್ಟಿದ್ದ ಅರ್ಧ ಇದು.

ಮರುಪಾಠಕ್ಕೆ ಒಂದು ಚಟುವಟಿಕೆ ಮಾಡಿಕೊಂಡೆ. 10 ಲಕ್ಷ ರೂಪಾಯಿಯ ಕಾಲ್ಪನಿಕ ಕಾಮಗಾರಿ, ಮೂರು ಗುಂಪು, ಮೂರು ಟೆಂಡರ್: 9.4 ಲಕ್ಷ, 8.9 ಲಕ್ಷ, 7 ಲಕ್ಷ. ಏಳು ಲಕ್ಷದವರ ಬಳಿ ಕೇಳಿದ್ದ ಅನುಭವ ಪತ್ರವಿಲ್ಲ. ಮೊದಲ ಸುತ್ತಿನಲ್ಲಿ ಷರತ್ತು ಬರೆಯದೆ ದರ ತೆರೆದೆವು. ಪ್ರತಿ ಗುಂಪೂ ತನಗೆ ಅನುಕೂಲವಾದ ನಿಯಮ ಹೇಳತೊಡಗಿ ಗಲಾಟೆಯೋ ಗಲಾಟೆ. ಎರಡನೇ ಸುತ್ತಿನಲ್ಲಿ ಷರತ್ತನ್ನು ಮೊದಲೇ ಹಲಗೆಯ ಮೇಲೆ ಬರೆದೆವು, 8.9 ಲಕ್ಷದ ಗುಂಪು ತಕರಾರಿಲ್ಲದೆ ಗೆದ್ದಿತು.

ಆದರೂ ಆ ಹುಡುಗಿಯ ಪ್ರಶ್ನೆ ಉಳಿದಿತ್ತು. ಟೆಂಡರ್ ಸರಿಯಾಗಿದ್ದ ಮಾತ್ರಕ್ಕೆ ರಸ್ತೆ ಬಾಳುವುದಿಲ್ಲ. ಮಾಡಿದ ಕೆಲಸವನ್ನು ಎಂಜಿನಿಯರ್ ಅಳತೆ ಪುಸ್ತಕದಲ್ಲಿ ದಾಖಲಿಸಿದ ಮೇಲೆಯೇ ಬಿಲ್ ಆಗಬೇಕು. ಕರಾರಿನಲ್ಲಿ ಹೇಳಿದ ಅವಧಿಯೊಳಗೆ ದೋಷ ಕಂಡರೆ ಗುತ್ತಿಗೆದಾರರೇ ಸರಿಪಡಿಸಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅಂದಾಜು ಪಟ್ಟಿ, ಕರಾರು, ಅಳತೆ ಪುಸ್ತಕದ ನಕಲನ್ನು ನಾಗರಿಕರು ಕೇಳಬಹುದು. ‘ನಮ್ಮಪ್ಪಂಗೆ ಹೇಳ್ತೀನಿ ಮಿಸ್’ ಎಂದಳು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ಉತ್ತರಪತ್ರಿಕೆ ನೋಡುವ ಮುನ್ನ ನಾವು ಅಂಕ ಹಂಚಿಕೆ ಬರೆದಿಟ್ಟುಕೊಳ್ಳುತ್ತೇವೆ. ಟೆಂಡರಿನ ನ್ಯಾಯವೂ ಅದೇ. ಈ ಹೋಲಿಕೆಯಿಂದಲೇ ಪಾಠ ಆರಂಭಿಸಿದರೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.